ಐದು ಜನರ ಬಿಸಿ ಊಟ

ಮಾರ್ಚ್ ೩

ತಂಗೀ,

ನನ್ನ ಪರಿಚಯ ನಿನಗಿಲ್ಲ. ನಿನ್ನ ಪರಿಚಯ ಊರಿಗೆಲ್ಲ ಇದೆ. ಆದ್ದರಿಂದ ನನ್ನಿಂದಲೇ ಶುರು ಮಾಡುತ್ತೇನೆ. ನೀನು ಊರು ಬಿಟ್ಟಾಗ ಬಸ್ ನಿಲ್ದಾಣದ ಎದುರಿಗೆ ಒಂದು ಮರವಿತ್ತು. ಮರದಡಿ ಕೂತು ಲಾರಿಗಳ ಹರಿದ ತಾಡಪಾಲು ಹೊಲಿಯುವ ಒಬ್ಬನಿದ್ದ. ಈಗ ಮರವಿಲ್ಲ, ಅಲ್ಲಿ ಎರಡಂತಸ್ತಿನ ತಾಡಪಾಲಿನ ಅಂಗಡಿ ಇದೆ, ಒಳಗೆ ಫ್ಯಾನಿನ ಕೆಳಗೆ ಅದೇ ಮನುಷ್ಯ ಕೂತಿದ್ದಾನೆ. ಅವನು ನಾನು.

ಬರುವ ಅಕ್ಟೋಬರಿಗೆ ಶಿಖರಯಾತ್ರೆಗೆ ಐವತ್ತು ವರ್ಷ. ನಮ್ಮೂರಿನ ಐವರು ಹುಡುಗರು ಯಾರೂ ಹತ್ತದ ಶಿಖರ ಹತ್ತಿ, ತುದಿಯಲ್ಲಿ ಫೋಟೋ ತೆಗೆಸಿಕೊಂಡು, ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ಸತ್ತರು. ಇದನ್ನು ನಮ್ಮ ಶಾಲೆಯ ಪ್ರತಿ ಮಗುವೂ ಗಿಣಿಯಂತೆ ಒಪ್ಪಿಸುತ್ತದೆ. ಆರನೆಯವನೊಬ್ಬ ಇದ್ದ, ಅಡುಗೆಯವನು, ಅವನು ಬದುಕಿ ಬಂದ ಎಂಬುದನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಅದನ್ನು ಮಕ್ಕಳು ಮನೆಯಲ್ಲೇ ಕಲಿತು ಬರುತ್ತಾರೆ.

ಸಮಾರಂಭದ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಓದಿದವರೆಲ್ಲ ಭಾಷಣಕ್ಕೆ ಮುಂದೆ, ಶಾಮಿಯಾನಕ್ಕೆ ಹಿಂದೆ. ಹೀಗಾಗಿ ಶಾಮಿಯಾನ ಇರುವವನಿಗೆ ಕುರ್ಚಿ ಸಿಕ್ಕಿತು. ಚೌಕದಲ್ಲಿ ಐವರ ಕಂಚಿನ ಪ್ರತಿಮೆ ನಿಲ್ಲುತ್ತದೆ. ಮಂತ್ರಿಗಳು ಬರುತ್ತಾರೆ. ಮಂತ್ರಿಗಳ ಕಡೆಯವರು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಸಾಹೇಬರು ಯಾರ ಕೈ ಕುಲುಕಬೇಕು?" ಕಂಚಿನ ಕೈ ಕುಲುಕಿದರೆ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ. ಜೀವಂತ ಕೈ ಅಂತ ಉಳಿದಿರುವುದು ನಿಮ್ಮಪ್ಪನದೊಂದೇ.

ಲಾಂಡ್ರಿಯ ಹಿಂದಿನ ಅವರ ಕೋಣೆಗೆ ಹೋಗಿ ಕೇಳಿದೆ. "ನನ್ನ ಮಗಳನ್ನ ಕೇಳಿ" ಅಂದರು. ಅದಕ್ಕೇ ಕೇಳುತ್ತಿದ್ದೇನೆ.

ಇತಿ,
ತಾಡಪಾಲಿನವನು


ಮಾರ್ಚ್ ೧೭

ಅಧ್ಯಕ್ಷರಿಗೆ,

ಮೊದಲನೆಯದಾಗಿ, ನನ್ನನ್ನು ತಂಗಿ ಎನ್ನಬೇಡಿ. ನಿಮ್ಮ ಊರಿನಲ್ಲಿ ನನಗೆ ಅಣ್ಣಂದಿರು ಇರಲಿಲ್ಲ. ಇದ್ದಿದ್ದರೆ ಯಾರಾದರೂ ಒಬ್ಬ, ಶಾಲೆಯ ಬಿಡುವಿನಲ್ಲಿ ನಾನು ಊಟದ ಡಬ್ಬಿ ತೆಗೆದಾಗ "ಐದೂಟದವನ ಮಗಳು ಬಂದಳು, ನಿಮ್ಮ ನಿಮ್ಮ ಡಬ್ಬಿ ಮುಚ್ಚಿಕೊಳ್ಳಿ" ಎಂದು ಕೂಗಿದವರ ಬಾಯಿ ಮುಚ್ಚಿಸುತ್ತಿದ್ದ. ಐದು ಜನರ ಪಾಲು ಒಬ್ಬನೇ ಉಂಡವನು ಎಂಬ ಅರ್ಥದ ಆ ಹೆಸರನ್ನು ನಮ್ಮಪ್ಪನಿಗೆ ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಬಳಸದವರು ಯಾರೂ ಇರಲಿಲ್ಲ. ಗೋಧಿಹಿಟ್ಟಿನ ಅಂಗಡಿಯವನು ಕೂಡ ತೂಕ ಮಾಡುವಾಗ "ಸಾಕಾ, ಐದು ಪಟ್ಟು ಮಾಡ್ಲಾ?" ಎನ್ನುತ್ತಿದ್ದ. ಅಮ್ಮ ನಗುತ್ತಿದ್ದಳು. ನಗದಿದ್ದರೆ ಸಾಲ ಹುಟ್ಟುತ್ತಿರಲಿಲ್ಲ.

ನಾನಿಲ್ಲಿ ಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿದ್ದೇನೆ. ದಿನವಿಡೀ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ ಅಪರಿಚಿತರ ವಸಡುಗಳು ನನ್ನ ಮೇಜಿನ ಮೇಲಿರುತ್ತವೆ. ಅವು ಏನೂ ಮಾತಾಡುವುದಿಲ್ಲ. ಈ ಕೆಲಸ ಹಿಡಿಸಿದ್ದು ಅದಕ್ಕೇ.

ಅಪ್ಪ ವೇದಿಕೆಗೆ ಬರಬೇಕಾದರೆ ಒಂದೇ ಷರತ್ತು. "ಈ ಮನುಷ್ಯ ಯಾರ ಪಾಲಿನದನ್ನೂ ತಿಂದಿಲ್ಲ" ಎಂದು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಆ ಹೆಸರು ಅಳಿಯಬೇಕು. ಅವರಿಗೆ ಎಪ್ಪತ್ತೆಂಟು. ಆ ಹೆಸರಿನಲ್ಲಿ ಅವರು ಸಾಯುವುದು ನನಗೆ ಬೇಡ. ಆಗುವುದಿಲ್ಲವಾದರೆ ಮಂತ್ರಿಗಳು ಕಂಚನ್ನೇ ಕುಲುಕಲಿ.

ಅಡುಗೆಯವರ ಮಗಳು


ಏಪ್ರಿಲ್ ೮

ಮೇಡಂ,

ತಂಗಿ ಬೇಡವೆಂದಿರಿ, ತೆಗೆದೆ.

ನಿಮ್ಮ ಷರತ್ತನ್ನು ಸಮಿತಿಯ ಮುಂದಿಟ್ಟೆ. ಗ್ರಂಥಾಲಯದ ಮಹಡಿಯ ಕೋಣೆ. ಮೇಜಿಗೆ ಮೂರು ಕಾಲು ನೆಟ್ಟಗೆ, ನಾಲ್ಕನೆಯದಕ್ಕೆ ವಿಶ್ವಕೋಶದ ಒಂದು ಸಂಪುಟ. ಹೆಡ್ಮಾಸ್ಟರು ನಿವೃತ್ತರಾಗಿದ್ದಾರೆ, ಆದರೆ ಬೆತ್ತ ಇನ್ನೂ ನಾಲಿಗೆಯಲ್ಲಿದೆ. "ಅವನನ್ನ ವೇದಿಕೆಗೆ ಕರೆಯೋದಾದ್ರೆ ಊಟದ ಆರ್ಡರು ಜಾಸ್ತಿ ಕೊಡಿ ಅಧ್ಯಕ್ಷರೇ" ಅಂದರು. ಫೋಟೋ ಸ್ಟುಡಿಯೋದವನು ಮೇಜು ಬಡಿದು ನಕ್ಕ. ವಿಶ್ವಕೋಶ ಜಾರಿತು.

ನಗದವರು ಒಬ್ಬರೇ, ಟೈಪಿಂಗ್ ಟೀಚರಮ್ಮ. ನಿಮಗೆ ನೆನಪಿರಬೇಕು. ಐವರಲ್ಲಿ ಎಲ್ಲರಿಗಿಂತ ಚಿಕ್ಕವನ ಹೆಂಡತಿ. ಮದುವೆಯಾದ ವರ್ಷವೇ ಅವನು ಹೋದ. ಆಮೇಲೆ ಆಕೆ ಊರಿನ ಅರ್ಧ ಜನರಿಗೆ ಟೈಪಿಂಗ್ ಕಲಿಸಿದರು, ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿಯಲಿಲ್ಲ. ಮತಕ್ಕೆ ಹಾಕಿದಾಗ ಕೈ ಎತ್ತಿದರು. ಅವರು ಎತ್ತಿದ ಮೇಲೆ ಉಳಿದವರಿಗೆ ಎತ್ತದೆ ಕೂರಲು ಧೈರ್ಯ ಬೇಕಲ್ಲ. ಪಾಸಾಯಿತು.

ಈಗ ವ್ಯಾಪಾರದ ಮಾತು. "ತಿಂದಿಲ್ಲ" ಎಂದು ನಾನು ಮೈಕಿನಲ್ಲಿ ಹೇಳಬಲ್ಲೆ. ಮೈಕೂ ನನ್ನದೇ. ಆದರೆ ಗೋದಾಮಿನಲ್ಲಿ ಇದ್ದ ಸರಕು ಈಗಿಲ್ಲ ಎಂದಮೇಲೆ ಎಲ್ಲಿಗಾದರೂ ಹೋಗಿರಬೇಕು. ವಿಚಾರಣೆಯ ವರದಿ ಊರಿಗೆಲ್ಲ ಬಾಯಿಪಾಠ: ಐವರು ಮೇಲೆ ಹೋದರು, ನಿಮ್ಮಪ್ಪ ಕೆಳಗಿನ ಬಿಡಾರದಲ್ಲಿ ಒಬ್ಬನಿಗೆ ತಿಂಗಳಿಗೆ ಸಾಲುವಷ್ಟು ದವಸ ಇಟ್ಟುಕೊಂಡು ಕಾಯುತ್ತಿದ್ದರು. ಕೆಲವು ದಿನಕ್ಕೇ ಒಬ್ಬರೇ ಹಳ್ಳಿಗೆ ಇಳಿದು ಬಂದರು. ಜನ ಕರೆದುಕೊಂಡು ಹಿಂತಿರುಗುವಷ್ಟರಲ್ಲಿ ಐವರಲ್ಲಿ ಇಬ್ಬರು ಹೇಗೋ ತೆವಳಿಕೊಂಡು ಬಿಡಾರ ಮುಟ್ಟಿ, ಡೇರೆಯೊಳಗೆ ಸತ್ತಿದ್ದರು. ಮೂಟೆಗಳು ಖಾಲಿ. ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ಆ ಇಬ್ಬರಲ್ಲಿ ಒಬ್ಬ ಟೀಚರಮ್ಮನ ಗಂಡ.

ಹಾಗಾದರೆ ದವಸ ಎಲ್ಲಿ ಹೋಯಿತು? ನನಗೆ ಹೇಳಿ. ಬಾಯಿ ತೆರೆಯುವ ಮೊದಲು ಸರಕು ನೋಡುವವನು ನಾನು.

ಇತಿ,
ತಾಡಪಾಲಿನವನು


ಏಪ್ರಿಲ್ ೨೯

ಅಧ್ಯಕ್ಷರಿಗೆ,

ನೀವು ಕೇಳಿದಿರಿ. ಐವತ್ತು ವರ್ಷದಲ್ಲಿ ಹೀಗೆ ಕೇಳಿದವರು ನೀವೇ ಮೊದಲು. ವಿಚಾರಣೆಯವರು ಕೂಡ "ಏನಾದರೂ ಉಳಿದಿತ್ತೇ?" ಎಂದು ಕೇಳಿದರಂತೆ. ಅಪ್ಪ "ಇಲ್ಲ ಸಾರ್" ಎಂದರಂತೆ. ಮುಗಿಯಿತು.

ನನಗೆ ಹೇಳಿದ್ದು ಅಮ್ಮ, ಆಸ್ಪತ್ರೆಯಲ್ಲಿ, ಕೊನೆಯ ವಾರದಲ್ಲಿ. ಯಾತ್ರೆ ಹೊರಟ ಹೊಸತರಲ್ಲಿ ಒಂದು ಬೆಳಿಗ್ಗೆ ಅಪ್ಪ ಹಿಂದಿನ ರಾತ್ರಿಯ ಸೂಪನ್ನು ಬಿಸಿ ಮಾಡಿ ಕೊಟ್ಟರಂತೆ. ನಾಯಕ ಒಂದು ಗುಟುಕು ಕುಡಿದು ತಟ್ಟೆಯನ್ನು ಅಪ್ಪನ ಮುಖಕ್ಕೆ ಎಸೆದ. "ಇನ್ನೊಂದು ಸಲ ತಂಗಳು ಬಡಿಸಿದರೆ ನಡೆದುಕೊಂಡು ಮನೆಗೆ ಹೋಗುತ್ತೀಯ. ನಾವು ಮೇಲಿನಿಂದ ಇಳಿದು ಬಂದಾಗ ಐವರಿಗೂ ಬಿಸಿ ಊಟ ಸಿದ್ಧ ಇರಬೇಕು, ತಿಳಿಯಿತಾ?" ಎಂದ.

ತಿಳಿಯಿತು. ಅವರು ಮೇಲೆ ಹೋದ ಮೇಲೆ ಅಪ್ಪ ಪ್ರತಿ ದಿನ ಐದು ಜನರಿಗೆ ರೊಟ್ಟಿ, ಸೂಪು, ಆಲೂಗಡ್ಡೆ ಮಾಡಿದರು. ಬೆಳಕಿರುವ ತನಕ ಒಲೆಯ ಪಕ್ಕದಲ್ಲಿಟ್ಟು ದಾರಿ ನೋಡಿದರು. ಬರಲಿಲ್ಲ. ಆರಿದ್ದನ್ನು ಹಿಮದ ಬಿರುಕಿಗೆ ಸುರಿದು ಪಾತ್ರೆ ಬೆಳಗಿಟ್ಟರು. ಬಿಡಾರದ ಸುತ್ತ ಎಂಜಲು ಬೀಳಬಾರದೆಂಬುದೂ ಆಜ್ಞೆಯೇ. ಮರುದಿನ ಮತ್ತೆ ಐವರಿಗೆ. ಬಿರುಗಾಳಿಯಲ್ಲೂ ಬಿಡಲಿಲ್ಲ. ಮೂಟೆಯ ತಳ ಕಂಡ ದಿನ ಇನ್ನಷ್ಟು ತರಲು ಹಳ್ಳಿಗೆ ಇಳಿದರು.

ಅವರು ತಿನ್ನಲಿಲ್ಲ. ಚೆಲ್ಲಿದರು. ಒಂದು ದಿನವಾದರೂ ಸೋಮಾರಿತನ ಮಾಡಲಿಲ್ಲ. ನಿಮ್ಮ ಸಮಿತಿಯಲ್ಲಿ ಯಾರಾದರೂ ಯಾರಿಗಾದರೂ ಇಷ್ಟು ನಿಷ್ಠೆಯಿಂದ ಕಾದಿದ್ದಾರೆಯೇ? ಇದನ್ನು ನೀವು ಹೇಳುವುದು ಬೇಡ. ಅಪ್ಪನೇ ವೇದಿಕೆಯ ಮೇಲೆ ನಿಂತು ಹೇಳಲಿ. ಊರು ಕೇಳಲಿ.

ಅಡುಗೆಯವರ ಮಗಳು


ಮೇ ೧೨

ತಂಗೀ,

ಈ ಪತ್ರಕ್ಕೆ ಮೇಡಂ ಹೊಂದುವುದಿಲ್ಲ. ಬೈಯುವುದಾದರೆ ಆಮೇಲೆ ಬೈದುಕೋ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಬೇಡ. ನಿಮ್ಮಪ್ಪ ಇದನ್ನು ಹೇಳುವುದು ಬೇಡ.

ನೀನು ಮಗಳ ಕಣ್ಣಿನಿಂದ ನೋಡುತ್ತಿದ್ದೀಯ. ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡುವವನು. ತಿಂದವನು ಕಳ್ಳ. ಕಳ್ಳನೆಂದರೆ ಜನಕ್ಕೆ ಗೊತ್ತು. ಬೈಯುತ್ತಾರೆ, ಆಡಿಕೊಳ್ಳುತ್ತಾರೆ, ಬೈದು ಬೈದು ಒಂದು ಥರ ಸಾಕಿಕೊಳ್ಳುತ್ತಾರೆ. ಹಸಿವಾಗಿತ್ತು, ತಿಂದ, ಪಾಪಿ, ನಾವಾದರೂ ಅಷ್ಟೇ ಮಾಡುತ್ತಿದ್ದೆವೇನೋ ಎಂದು ಒಳಗೊಳಗೇ ಅಂದುಕೊಳ್ಳುತ್ತಾರೆ. ಚೆಲ್ಲಿದವನನ್ನು ಏನು ಮಾಡುವುದು? ಆ ಇಬ್ಬರು ತೆವಳಿಕೊಂಡು ಬಂದಾಗ ಅವರ ಊಟ ಬಿರುಕಿನ ತಳದಲ್ಲಿತ್ತು. ನೀನು ಇದಕ್ಕೆ ನಿಷ್ಠೆ ಎನ್ನುತ್ತೀಯ. ಟೀಚರಮ್ಮ ಏನೆನ್ನಬೇಕು?

ನಾನೊಂದು ದಾರಿ ಹೇಳುತ್ತೇನೆ. ಹಿಮ ಕುಸಿಯಿತು, ಮೂಟೆಗಳು ಹೂತುಹೋದವು. ಅಷ್ಟೇ. ಹಿಮದ ಮೇಲೆ ಮೊಕದ್ದಮೆ ಹೂಡುವವರು ಯಾರೂ ಇಲ್ಲ. ನಾನು ಮೈಕಿನಲ್ಲಿ ಹೇಳುತ್ತೇನೆ, ಹೆಡ್ಮಾಸ್ಟರು ಕಣ್ಣೊರೆಸಿಕೊಳ್ಳುತ್ತಾರೆ, ಮಂತ್ರಿಗಳು ಕೈ ಕುಲುಕುತ್ತಾರೆ, ನೀನು ಕೇಳಿದ್ದು ನಿನಗೆ ಸಿಗುತ್ತದೆ.

ನಿಮ್ಮಪ್ಪನ ಹತ್ತಿರವೂ ಹೋಗಿದ್ದೆ. ಅಂಗಿ ಮಡಚುತ್ತಿದ್ದರು, ಲಾಂಡ್ರಿಯವನಿಗೆ ಬಾಡಿಗೆಯ ಬದಲು ಮಡಚಿಕೊಡುತ್ತಾರಂತೆ. "ಹೇಳಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ವಾ?" ಅಂದೆ. "ಗೊತ್ತು. ಅದಕ್ಕೇ ಇಷ್ಟು ದಿನ ಹೇಳಿಲ್ಲ" ಅಂದರು.

"ಮತ್ತೆ ಈಗ?"

"ಮಗಳು ಹೇಳು ಅಂದ್ರೆ ಹೇಳ್ತೀನಿ. ಅವಳು ನನ್ನನ್ನ ಇದುವರೆಗೆ ಏನೂ ಕೇಳಿಲ್ಲ."

ಯೋಚನೆ ಮಾಡು.

ಇತಿ,
ತಾಡಪಾಲಿನವನು


ಮೇ ೨೦

ಅಧ್ಯಕ್ಷರಿಗೆ,

ಸುಳ್ಳಿನ ಮೇಲೆ ಹೊದಿಸಲು ನಿಮ್ಮ ಅಂಗಡಿಯಲ್ಲಿ ಬೇಕಾದಷ್ಟು ತಾಡಪಾಲು ಇರಬಹುದು. ನನಗೆ ಬೇಡ. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಇಲ್ಲವಾದರೆ ಬರುವುದಿಲ್ಲ.

ಅಡುಗೆಯವರ ಮಗಳು


ಜೂನ್ ೬

ಮೇಡಂ,

ಇನ್ನೊಂದು ಸಲ ಹೇಳುತ್ತೇನೆ: ಬೇಡ. ಮೂರನೆಯ ಸಲ ಹೇಳುವುದು ನನ್ನ ಪದ್ಧತಿಯಲ್ಲ. ಗಿರಾಕಿ ತಾನೇ ಕೈ ಇಟ್ಟ ಮಾಲನ್ನು ಕಟ್ಟಿಕೊಡುವುದು ನನ್ನ ಧರ್ಮ.

ತಾಡಪಾಲಿನವನು


ಸೆಪ್ಟೆಂಬರ್ ೧೧

ಮಗಳೇ,

ನೀನು ಹೇಳಿದ ಹಾಗೆ ಹೇಳುತ್ತೇನೆ. ಸುಳ್ಳು ಸೇರಿಸುವುದಿಲ್ಲ. ಆ ದಿನ ನೀನು ಬರುತ್ತೀಯಾ?

ಅಪ್ಪ


ಸೆಪ್ಟೆಂಬರ್ ೧೯

ಅಪ್ಪಾ,

ನಿಂತು ಹೇಳು. ಕೂತು ಹೇಳಿದರೆ ತಪ್ಪೊಪ್ಪಿಕೊಂಡಂತೆ ಕಾಣುತ್ತದೆ. ಯಾರಾದರೂ ನಡುವೆ ಬಾಯಿ ಹಾಕಿದರೆ "ಸಾರ್" ಎನ್ನಬೇಡ. ಬೂದು ಬಣ್ಣದ ಕೋಟು ಕಳಿಸಿದ್ದೇನೆ, ತೋಳು ಉದ್ದವಾದರೆ ಒಳಗೆ ಮಡಚಿ ಹೊಲಿಸು.

ನಾನು ಬರುವುದಿಲ್ಲ. ಆ ಹೆಸರು ಇರುವ ತನಕ ಆ ಊರಿಗೆ ಕಾಲಿಡುವುದಿಲ್ಲ ಎಂದು ಹೊರಟವಳು ನಾನು. ಅದು ಅಳಿದ ಮರುದಿನದ ಬಸ್ಸಿಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ.

ನಿನ್ನ ಮಗಳು


ಅಕ್ಟೋಬರ್ ೧೬

ಮೇಡಂ,

ಸಮಾರಂಭ ಚೆನ್ನಾಗಿ ಆಯಿತು. ಶಾಮಿಯಾನ ಗಾಳಿಗೆ ಅಲುಗಲಿಲ್ಲ, ಮಂತ್ರಿಗಳೇ ಹೊಗಳಿದರು. ಕುರ್ಚಿ ಸಾಲದೆ ಜನ ಗೋಡೆ ಹತ್ತಿದ್ದರು. ಸಾಲದೇ ಹೋಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಪೋಸ್ಟರಿನಲ್ಲಿ ಕಂಚಿನ ಐವರ ಕೆಳಗೆ ದಪ್ಪ ಅಕ್ಷರದಲ್ಲಿ "ಅಡುಗೆಯವನು ಬಾಯಿ ಬಿಡುತ್ತಾನೆ" ಎಂದು ಹಾಕಿಸಿದ್ದೆ. ನಿಮಗೆ ಜನ ಕೇಳಬೇಕಿತ್ತು, ನನಗೆ ಜನ ಬರಬೇಕಿತ್ತು.

ನಿಮ್ಮಪ್ಪ ಕೋಟು ಹಾಕಿಕೊಂಡು ಬಂದಿದ್ದರು. ತೋಳು ಮಡಚಿ ಹೊಲಿದಿತ್ತು. ನಿಂತೇ ಹೇಳಿದರು. ತಟ್ಟೆ ಮುಖಕ್ಕೆ ಬಿದ್ದದ್ದರಿಂದ ಹಿಡಿದು ಮೂಟೆಯ ತಳದ ತನಕ, ಅಂಗಡಿಯಲ್ಲಿ ಸಾಮಾನು ಓದಿ ಹೇಳುವ ಹಾಗೆ, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ.

ಮೊದಲು ಬಾಯಿ ತೆರೆದವನು ಸ್ಟುಡಿಯೋದವನು. ಅವನ ಚಿಕ್ಕಪ್ಪ ಐವರಲ್ಲಿ ಒಬ್ಬ.

"ಚೆಲ್ದೆಯಾ?"

"ಹೌದು."

"ದಿನಾ?"

"ದಿನಾ."

ಹೆಡ್ಮಾಸ್ಟರು ಎದ್ದರು. "ಅಲ್ಲಪ್ಪಾ, ಒಂದು ದಿನದ್ದಾದ್ರೂ ಮುಚ್ಚಿ ಇಡಬಾರದಿತ್ತಾ? ಬಂದ ಮಕ್ಕಳು ಹೆಪ್ಪುಗಟ್ಟಿದ್ದನ್ನೇ ಕಚ್ಚಿ ತಿನ್ನುತ್ತಿದ್ದರಲ್ಲಾ!"

"ತಂಗಳು ಬಡಿಸಬಾರದು ಅಂತ ಆರ್ಡರ್ ಇತ್ತು ಸಾರ್."

ನೀವು ಬೇಡವೆಂದು ಬರೆದಿದ್ದಿರಂತೆ, ಆದರೂ ಸಾರ್ ಬಂದೇ ಬಂತು. ಹಿಂದುಗಡೆ ಯಾರೋ ಒಬ್ಬ ಫಕ್ಕನೆ ನಕ್ಕ. ಅದು ಬೆಂಕಿಯ ಹಾಗೆ ಸಾಲಿನಿಂದ ಸಾಲಿಗೆ ಹತ್ತಿತು. ನಗು ಮುಗಿಯುವ ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ. ಮಂತ್ರಿಗಳು ಚಾಚಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡರು, ಕರವಸ್ತ್ರ ಹುಡುಕುವವರ ಹಾಗೆ. ಹುಡುಕುತ್ತಲೇ ಕಾರು ಹತ್ತಿದರು. ನಿಮ್ಮಪ್ಪ ಮಾತ್ರ ವೇದಿಕೆಯ ಮೇಲೆ ಹಾಗೇ ನಿಂತಿದ್ದರು. ಇಳಿ ಎಂದು ಯಾರೂ ಹೇಳಿರಲಿಲ್ಲ.

ಟೀಚರಮ್ಮ ಕೈಚೀಲ ಎತ್ತಿಕೊಂಡು ಹೊರಟುಹೋದರು.

ನೀವು ಕೇಳಿದ್ದು ಸಿಕ್ಕಿದೆ ಮೇಡಂ. ಹಳೆಯ ಹೆಸರು ಒಂದೇ ಸಂಜೆಗೆ ಅಳಿಯಿತು. ಈಗ ಯಾರೂ ಐದೂಟ ಎನ್ನುವುದಿಲ್ಲ. ಬಿಸಿಯೂಟ ಎನ್ನುತ್ತಾರೆ. ನಿನ್ನೆ ಸಂಜೆ ಲಾಂಡ್ರಿಯ ಬಾಗಿಲಿಗೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು. ನಾನೇ ನೀರು ಹಾಕಿ ಒರೆಸಿದೆ. ಇವತ್ತು ಪೇಂಟಿನಲ್ಲಿ ಬರೆದಿದ್ದಾರೆ.

ಮರುದಿನದ ಬಸ್ಸಿಗೆ ಬರುತ್ತೀರೆಂದು ನಿಮ್ಮಪ್ಪ ಹೇಳಿದ್ದರು. ಅಂಗಡಿಯಿಂದ ನಿಲ್ದಾಣ ಚೆನ್ನಾಗಿ ಕಾಣುತ್ತದೆ. ನೀವು ಇಳಿದದ್ದು ಕಾಣಲಿಲ್ಲ.

ಇತಿ,
ತಾಡಪಾಲಿನವನು


ಅಕ್ಟೋಬರ್ ೨೭

ಅಧ್ಯಕ್ಷರಿಗೆ,

ಹಳೆಯದರ ಜಾಗಕ್ಕೆ ಹೊಸ ಹೆಸರು ಬಂದದ್ದು ಅದೇ ರಾತ್ರಿ ಫೋನಿನಲ್ಲಿ ತಿಳಿಯಿತು, ಬಸ್ಸು ಹತ್ತಲಿಲ್ಲ. ಅಪ್ಪ ನನ್ನ ಪತ್ರಗಳಿಗೆ ಉತ್ತರ ಬರೆಯುತ್ತಿಲ್ಲ. ಲಾಂಡ್ರಿಗೆ ಫೋನು ಮಾಡಿದರೆ "ಅವರು ಊಟದ ಹೊತ್ತಿಗೆ ಬ್ಯುಸಿ" ಎಂದು ಯಾರೋ ನಕ್ಕು ಇಟ್ಟುಬಿಟ್ಟರು. ಏನು ನಡೆಯುತ್ತಿದೆ? ನಿಮ್ಮ ಬಗ್ಗೆ ನನಗೆ ಏನನ್ನಿಸುತ್ತದೆಂದು ಬರೆಯಲು ಇದು ಸಮಯವಲ್ಲ. ಅವರನ್ನು ಬಸ್ಸು ಹತ್ತಿಸಿ ಕಳಿಸಿ. ಇದೊಂದನ್ನು ಬೇಡಿಕೊಳ್ಳುತ್ತೇನೆ.

ಅಡುಗೆಯವರ ಮಗಳು


ನವೆಂಬರ್ ೯

ತಂಗೀ,

ಹತ್ತಿಸಲು ಹೋದೆ. ಟಿಕೆಟ್ಟು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಬರುವುದಿಲ್ಲವಂತೆ.

ನಡೆಯುತ್ತಿರುವುದು ಇದು. ಸಮಾರಂಭದ ನಾಲ್ಕಾರು ದಿನಗಳ ನಂತರ ಟೀಚರಮ್ಮ ಮಧ್ಯಾಹ್ನದ ಹೊತ್ತಿಗೆ ಲಾಂಡ್ರಿಯ ಹಿಂದಕ್ಕೆ ಬಂದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ಅನ್ನ, ಪಲ್ಯ, ರೊಟ್ಟಿ, ಎಲ್ಲ ಹೊಗೆಯಾಡುತ್ತಿತ್ತು. ನಿಮ್ಮಪ್ಪ ಬಾಗಿಲು ತೆಗೆದರು. ಆಕೆ ಕ್ಯಾರಿಯರ್ ಕೊಟ್ಟು, ಬೆರಳಿನಿಂದ ಚರಂಡಿ ತೋರಿಸಿದರು. ನಿಮ್ಮಪ್ಪ ಹೋಗಿ ಸುರಿದರು. ಒಂದೊಂದೇ ಡಬ್ಬಿ ತೊಳೆದು, ಒರೆಸಿ, ಜೋಡಿಸಿ ಕೊಟ್ಟರು. ಆಕೆ ಹೋದರು.

ಅಂದಿನಿಂದ ದಿನಾ. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನೋಡುತ್ತಾನೆ. ಬೀದಿಯ ನಾಯಿಗಳು ಹೊತ್ತಿಗೆ ಸರಿಯಾಗಿ ಬಂದು ಕೂತಿರುತ್ತವೆ. ಮೊದಮೊದಲು ನೋಡಲು ಜನ ಸೇರುತ್ತಿದ್ದರು. ಈಗ ಅವರಿಗೂ ನೋಡಲಾಗುವುದಿಲ್ಲ.

"ಟೀಚರಮ್ಮಾ, ಸಾಕು ಮಾಡಿ" ಅಂದೆ.

"ಯಾರಿಗೆ ಸಾಕು?" ಅಂದರು.

ನೀನೇ ಬಾ. ಯಾವ ಹೆಸರಿದ್ದರೂ ಬಾ.

ಇತಿ,
ತಾಡಪಾಲಿನವನು


ನವೆಂಬರ್ ೧೭

ಅಪ್ಪಾ,

ಶನಿವಾರ ಬರುತ್ತಿದ್ದೇನೆ. ಅಲ್ಲಿಯ ತನಕ ಆ ಹೆಂಗಸಿಗೆ ಬಾಗಿಲು ತೆಗೆಯಬೇಡ. ಅವಳು ನಿನಗೆ ಕೊಡುತ್ತಿರುವುದು ಶಿಕ್ಷೆ. ನೀನು ತಪ್ಪು ಮಾಡಿಲ್ಲ.

ನಿನ್ನ ಮಗಳು


ನವೆಂಬರ್ ೨೨

ಮಗಳೇ,

ಶನಿವಾರ ಬರಬೇಡ. ಬಸ್ಸಿನಲ್ಲಿ ದೂರ ಕೂತು ಬಂದರೆ ನಿನಗೆ ಸೊಂಟ ನೋವು.

ಟೀಚರಮ್ಮ ಕೊಡುತ್ತಿರುವುದು ಶಿಕ್ಷೆ ಎಂದು ಬರೆದಿದ್ದೀಯ. ಇರಬಹುದು. ಆದರೆ ನನ್ನ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಬಂದವರು ಅವರೊಬ್ಬರೇ. ಅಡುಗೆ ಚೆನ್ನಾಗಿ ಮಾಡುತ್ತಾರೆ. ರುಚಿ ನೋಡಿಲ್ಲ, ವಾಸನೆಯಲ್ಲಿ ತಿಳಿಯುತ್ತದೆ. ಪಲ್ಯಕ್ಕೆ ಇಂಗು ಸ್ವಲ್ಪ ಮುಂದು.

ನಿನ್ನೆ ಕ್ಯಾರಿಯರ್ ಕೊಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಮೊದಲ ಸಲ ಮಾತಾಡಿದರು.

"ಅಲ್ಲಿ ನೀನೇನು ತಿಂತಿದ್ದೆ?"

"ಹಿಂದಿನ ದಿನದ್ದು ಅಮ್ಮಾ. ಚೆಲ್ಲೋ ಮೊದಲು ನನ್ನ ಪಾಲು ಒಂದು ತೆಗೆದಿಡ್ತಿದ್ದೆ. ಮರುದಿನ ತಿಂತಿದ್ದೆ. ಕೆಲಸದವರಿಗೆ ಬಿಸಿದು ಇರಲಿಲ್ಲ."

ಅವರು ಚರಂಡಿಯ ಕಡೆ ನೋಡಿದರು. ಆಮೇಲೆ ಕೇಳಿದರು.

"ಚೆನ್ನಾಗಿತ್ತಾ?"

ಇದನ್ನು ನಿನ್ನಮ್ಮ ಕೇಳಿರಲಿಲ್ಲ. ನೀನೂ ಕೇಳಲಿಲ್ಲ. ಏನಾದರೂ ಬೇರೆ ಹೇಳಬಹುದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ನೀನು ಬರೆದದ್ದು ನೆನಪಾಯಿತು.

"ಚೆನ್ನಾಗಿತ್ತು" ಅಂದೆ.

ಅವರು ಎದ್ದು, ತುಂಬಿದ ಕ್ಯಾರಿಯರ್ ಹಾಗೇ ಹಿಡಿದುಕೊಂಡು ಹೋದರು.

ಇವತ್ತು ಅವರ ಹೊತ್ತು ಮೀರಿದೆ. ಲಾಂಡ್ರಿಯವನು ಅಂಗಡಿ ಮುಚ್ಚಿದ. ನಾಯಿಗಳೂ ಎದ್ದು ಹೋದವು. ನಾನು ಬಾಗಿಲು ತೆಗೆದೇ ಇಟ್ಟಿದ್ದೇನೆ.

ಅಪ್ಪ